ನಾಲ್ಕನೇ ಕಾಲಂನ ಗಿಡ

ಮೂವತ್ತೊಂದು ವರ್ಷ ನಾನು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದ್ದೇನೆ. ನಕಲು ಹೊಡೆದವರ ಕಿವಿ ಹಿಂಡಿದ್ದೇನೆ. ಹೋದ ವರ್ಷ ನಾನು ಮಾಡಿದ ಕೆಲಸವನ್ನು ನನ್ನ ತರಗತಿಯ ಯಾವುದಾದರೂ ಹುಡುಗಿ ಮಾಡಿದ್ದರೆ ಅವಳ ಅಪ್ಪ ಅಮ್ಮನನ್ನು ಶಾಲೆಗೆ ಕರೆಸುತ್ತಿದ್ದೆ. ನನ್ನ ಅಪ್ಪ ಅಮ್ಮ ಈಗ ಬದುಕಿಲ್ಲ. ಇಲ್ಲದಿರುವುದೇ ಒಳ್ಳೆಯದಾಯಿತು.

ನಮ್ಮೂರ ಪಡುವಣಕ್ಕೆ ಕುರು-ಸಾಯ್ ಅನ್ನುವ ಒಣಹಳ್ಳ ಇದೆ. ಹೆಸರಿಗೆ ಹಳ್ಳ, ಹಿಮ ಕರಗುವ ಹದಿನೈದು ದಿನ ಬಿಟ್ಟರೆ ನೀರು ಕಂಡಿದ್ದಿಲ್ಲ. ಹಳ್ಳದ ಈ ಕಡೆ ಕಿರ್ಗಿಜ್, ಆ ಕಡೆ ಕಜಾಕ್. ನಾನು ಚಿಕ್ಕವಳಿದ್ದಾಗ ಎರಡೂ ಒಂದೇ ಸರ್ಕಾರಿ ಫಾರಂ, ಕುರಿಗಳು ಅತ್ತಿತ್ತ ಓಡಾಡಿಕೊಂಡಿದ್ದವು. ಈಗ ನಡುವೆ ತಂತಿ. ಈ ದಂಡೆಯಲ್ಲಿ ಕೂಗಿದರೆ ಆ ದಂಡೆಯಲ್ಲಿ ಕೇಳುತ್ತದೆ, ಆದರೆ ಹೋಗಬೇಕೆಂದರೆ ಹದಿನೆಂಟು ಕಿಲೋಮೀಟರ್ ಸುತ್ತಿ, ಗಡಿ ಠಾಣೆಯಲ್ಲಿ ಸಾಲು ನಿಂತು, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ನನ್ನ ಮಗಳು ಬೆಗಾಯಿಮ್‌ಳನ್ನು ಏಳು ವರ್ಷದ ಹಿಂದೆ ಆ ದಂಡೆಗೇ ಕೊಟ್ಟಿದ್ದು.

ಹೋದ ವಸಂತದಲ್ಲಿ ರಾಜಧಾನಿಯಿಂದ ಸಾಲ್ತನಾತ್ ಎಂಬ ಹುಡುಗಿ ಬಂದಳು. ಐದು ನೆರೆದೇಶಗಳ ಹುಲ್ಲುಗಾವಲು ಎಲ್ಲೆಲ್ಲಿ ಎಷ್ಟೆಷ್ಟು ಕೆಟ್ಟಿದೆ ಎಂದು ಒಂದೇ ರೀತಿಯಲ್ಲಿ ಅಳೆದು, ಪಕ್ಕಪಕ್ಕ ಇಟ್ಟು ನೋಡುವ ಯೋಜನೆ ಅವಳದು. ಗಡಿಯ ಎರಡೂ ಬದಿಯಲ್ಲಿ ಊರಿನವರೇ ಅಳೆಯಬೇಕಂತೆ. ಎರಡರಲ್ಲಿ ಹೆಚ್ಚು ಕೆಟ್ಟ ಬದಿಗೆ ಮೊದಲು ಬೇಲಿ ಹಾಕಿ, ನಾಲ್ಕು ವರ್ಷ ಒಂದು ಕುರಿಯನ್ನೂ ಬಿಡದೆ ನೆಲಕ್ಕೆ ವಿಶ್ರಾಂತಿ ಕೊಡುತ್ತಾರಂತೆ. ಇನ್ನೊಂದು ಬದಿಯ ಸರದಿ ಆಮೇಲೆ. ನಮ್ಮ ಕಡೆಗೆ ಓದಿದವಳೆಂದು ನನ್ನನ್ನು ಆರಿಸಿದರು.

"ಆ ಕಡೆ ಯಾರಮ್ಮ?" ಅಂದೆ.

"ಕುಲ್ಯಾಶ್ ಅಂತ. ಹಳೇ ಫಾರಂನಲ್ಲಿ ಜಾನುವಾರು ನೋಡ್ಕೋತಿದ್ರಂತೆ. ಗೊತ್ತಾ ನಿಮಗೆ?"

ಗೊತ್ತಾ ಅಂದರೆ ಏನು ಹೇಳುವುದು. ಕುಲ್ಯಾಶ್ ನನ್ನ ಬೀಗಿತ್ತಿ, ಬೆಗಾಯಿಮ್‌ಳ ಅತ್ತೆ.

ಬೀಗಿತ್ತಿ ಬಂದಳೆಂದರೆ ಮನೆಯಲ್ಲಿ ಹಿಟ್ಟು ತಳ ಕಂಡಿದ್ದರೂ ಬೋರ್ಸೋಕ್ ಕರಿದು ಊಟದ ಹಾಸಿನ ಮೇಲೆ ರಾಶಿ ಸುರಿಯಬೇಕು. ಅವಳು ಒಂದು ಶಾಲು ಹೊದಿಸಿದರೆ ನಾವು ಎರಡು ಹೊದಿಸಬೇಕು. ಇಲ್ಲದಿದ್ದರೆ ಉಯಾತ್. ಈ ಮಾತನ್ನು ನಾವು ದಿನಕ್ಕೆ ಇಪ್ಪತ್ತು ಸಲ ಆಡುತ್ತೇವೆ. ನಾಚಿಕೆ ಅಂದರೂ ಅದೇ, ಮಾನ ಹೋಯಿತು ಅಂದರೂ ಅದೇ, ನಾಲ್ಕು ಜನ ಏನಂದಾರು ಅಂದರೂ ಅದೇ. ಮಕ್ಕಳಿಗೆ ಮೊದಲು ಕಲಿಸುವ ಮಾತೂ ಇದೇ. ಆದರೆ ತಪ್ಪು ಮಾಡಿದರೆ ಉಯಾತ್ ಎಂದು ಕಲಿಸುವುದಿಲ್ಲ, ತಪ್ಪು ಕಂಡರೆ ಉಯಾತ್ ಎಂದು ಕಲಿಸುತ್ತೇವೆ. ಈ ವ್ಯತ್ಯಾಸ ನನಗೆ ಅರವತ್ತೆರಡನೇ ವಯಸ್ಸಿನಲ್ಲಿ ಹೊಳೆಯಿತು.

ಅಳೆಯುವ ಕ್ರಮ ಸುಲಭ. ಅರ್ಧ ಮೀಟರಿನ ತಂತಿಯ ಚೌಕಟ್ಟು ಕೊಟ್ಟಿದ್ದರು. ಐವತ್ತು ಹೆಜ್ಜೆ ನಡೆದು, ತಿರುಗಿ ನೋಡದೆ ಭುಜದ ಮೇಲಿಂದ ಹಿಂದಕ್ಕೆ ಎಸೆಯಬೇಕು. ಅದು ಬಿದ್ದಲ್ಲಿ ಒಳಗಿರುವುದನ್ನು ಎಣಿಸಬೇಕು. ಹಾಳೆಯಲ್ಲಿ ನಾಲ್ಕು ಕಾಲಂ. ಒಂದು, ಜಾನುವಾರು ತಿನ್ನುವ ಗಿಡ. ಎರಡು, ತಿನ್ನದ ಗಿಡ. ಮೂರು, ಬರಿ ನೆಲ. ನಾಲ್ಕು, ಇತರೆ ವಿಷಯ. ತಿನ್ನದ ಗಿಡ ಹೆಚ್ಚಾದಷ್ಟೂ ನೆಲ ಕೆಟ್ಟಿದೆ ಎಂದು ಅರ್ಥ, ಯಾಕೆಂದರೆ ಕುರಿ ಒಳ್ಳೆಯದನ್ನು ಬೇರುಸಹಿತ ತಿಂದು ಮುಗಿಸಿದ ಮೇಲೆ ಇಂಥವೇ ಉಳಿಯುವುದು.

ಮೇ ತಿಂಗಳ ಒಂದು ಬೆಳಿಗ್ಗೆ ಶುರು ಮಾಡಿದೆವು. ನನ್ನ ಜೊತೆ ತೊಕ್ತೊಸುನ್ ಬಂದಿದ್ದ. ಅವನು ನಮ್ಮೂರ ಹುಲ್ಲುಗಾವಲು ಸಮಿತಿಯ ಮುಖ್ಯಸ್ಥ. ಊರಿನ ಕುರಿಯಲ್ಲಿ ಮೂರನೇ ಒಂದು ಪಾಲು ಅವನ ಮನೆಯದು. ಏಳನೇ ತರಗತಿಯಲ್ಲಿ ನನ್ನ ಕೈಯಲ್ಲಿ ಓದಿದವನು, ಓದಿದ ಅಂದರೆ ತರಗತಿಯಲ್ಲಿ ಕೂತಿದ್ದ. ಮೊದಲ ಸಲ ಚೌಕಟ್ಟು ಎಸೆದೆ. ತಿರುಗಿ ನೋಡಿದರೆ ಒಳಗೆ ಪೂರ್ತಿ ಅದಿರಶ್ಮಾನ್. ಬಿಳಿ ಹೂವು ಬಿಟ್ಟು, ದಟ್ಟವಾಗಿ, ಹುಲ್ಲಿನ ಒಂದು ಎಳೆಗೂ ಜಾಗ ಕೊಡದೆ ಕೂತಿತ್ತು.

ಆ ಗಿಡ ನಮಗೆ ಬರಿಯ ಗಿಡವಲ್ಲ. ಕೀಳುವ ಮೊದಲು ಬಾಗಿ ಅದಕ್ಕೆ ಸಲಾಂ ಹೇಳುತ್ತೇವೆ, ಯಾರಿಗೆ ಏನು ಕಾಯಿಲೆ ಎಂದು ತಿಳಿಸುತ್ತೇವೆ. ಒಣಗಿಸಿ ಬಾಗಿಲ ಮೇಲೆ ಕಟ್ಟುತ್ತೇವೆ. ಮಗುವಿಗೆ ನೆಗಡಿಯಾದರೆ ಅದರ ಹೊಗೆ, ದೃಷ್ಟಿಯಾದರೆ ಅದರ ಹೊಗೆ, ಹೊಸ ಕಾರು ಕೊಂಡರೆ ಅದಕ್ಕೂ ಅದರದೇ ಹೊಗೆ. ಆದರೆ ಕುರಿ ಅದನ್ನು ಮೂಸುವುದೂ ಇಲ್ಲ. ಅದಿರಶ್ಮಾನ್ ಹಬ್ಬಿದ ಕಡೆ ಹುಲ್ಲುಗಾವಲು ಸಾಯುತ್ತಿದೆ ಎಂದು ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ ಬರೆದವಳು ನಾನೇ.

ನಾನು ಎಣಿಸಿ ಎರಡನೇ ಕಾಲಂಗೆ ಪೆನ್ನು ಇಟ್ಟೆ. ತೊಕ್ತೊಸುನ್ ಬಗ್ಗಿ ನೋಡಿದ.

"ಏನ್ ಟೀಚರ್, ಅದಿರಶ್ಮಾನನ್ನ ಕಸದ ಜೊತೆ ಸೇರಿಸ್ತೀರಾ? ಸಲಾಂ ಹೊಡೆಯೋ ಗಿಡ ಅದು. ನಾಳೆ ನಿಮ್ ಮೊಮ್ಮಗೂಗೆ ಕೆಮ್ಮಾದ್ರೆ ಯಾವ ಮುಖ ಇಟ್ಕೊಂಡು ಕೀಳೋಕೆ ಹೋಗ್ತೀರಿ?"

"ಕುರಿ ತಿನ್ನಲ್ವಲ್ಲೋ."

"ಕುರಿ ಕುರಾನೂ ಓದಲ್ಲ. ಔಷಧಿ ಗಿಡ ಅಂತ ನಾಲ್ಕನೇದ್ರಲ್ಲಿ ಹಾಕಿ. ಪಾಠದಲ್ಲಿ ಏನಿತ್ತೋ ಅದು ಬಿಡಿ."

ಅವನು ಹೇಳಿದನೆಂದು ನಾನು ಹಾಗೆ ಮಾಡಿದೆ ಅಂದರೆ ಈಗಲೂ ಸುಳ್ಳಾಗುತ್ತದೆ. ಅವನ ಮಾತಿಗೆ ನಾನು ಎಂದೂ ಬೆಲೆ ಕೊಟ್ಟವಳಲ್ಲ. ಪೆನ್ನು ಹಾಗೇ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಹಳ್ಳದ ಆ ದಂಡೆಯಿಂದ ಕೂಗು ಬಂತು. ಕುಲ್ಯಾಶ್ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು.

"ಬೀಗರೇ, ಮೊದಲನೇ ಸಲ ಎಸೆದಿದ್ರಲ್ಲಿ ಎಷ್ಟು ಬಂತು? ತಿನ್ನದೇ ಇರೋದು?"

ಹನ್ನೊಂದು ಬಂದಿತ್ತು. ನನ್ನ ಕಣ್ಣ ಮುಂದೆಯೇ ಇತ್ತು, ಹನ್ನೊಂದು.

"ಒಂದು," ಎಂದು ಕೂಗಿದೆ.

"ಪುಣ್ಯವಂತರು. ನನಗೆ ಏಳು," ಅಂದರು ಅವರು, ಏಳು ಅನ್ನುವುದು ಮೊಮ್ಮಕ್ಕಳ ಲೆಕ್ಕ ಎಂಬಂತೆ, ಯಾವ ಅಳುಕೂ ಇಲ್ಲದೆ.

ಅಷ್ಟೇ ಆದದ್ದು. ಬೀಗಿತ್ತಿ ಏಳು ಅಂದ ಮೇಲೆ ನಾನು ಹನ್ನೊಂದು ಅನ್ನುವುದು ಹೇಗೆ? ಹರಿದ ಕೌದಿಯನ್ನು ಅವರೆದುರು ಹಾಸಿದ ಹಾಗೆ. ಒಂದು ಸಲ ಒಂದು ಅಂದ ಮೇಲೆ ಎರಡನೆಯ ಸಲ ಹದಿಮೂರು ಅನ್ನುವುದಕ್ಕೂ ಬಾಯಿ ಬರಲಿಲ್ಲ. ಅರವತ್ತು ಸಲ ಚೌಕಟ್ಟು ಎಸೆದೆ. ಅರವತ್ತು ಸಲವೂ ಎರಡನೇ ಕಾಲಂಗೆ ಅದೂ ಇದೂ ಮುಳ್ಳುಗಿಡ ಮಾತ್ರ ಹಾಕಿ, ನಾಲ್ಕನೆಯದರಲ್ಲಿ "ಅದಿರಶ್ಮಾನ್ ಇದೆ" ಎಂದು ಬರೆದೆ. ಎಷ್ಟು ಇದೆ ಎಂದು ಬರೆಯಲಿಲ್ಲ. ಆದರೆ ಕೈಯ ಅಭ್ಯಾಸ ಬಿಡಬೇಕಲ್ಲ. ನಿಜವಾದ ಸಂಖ್ಯೆಗಳನ್ನು ಚೀಲದಲ್ಲಿದ್ದ ಹಳೆಯ ಹಾಜರಿ ಪುಸ್ತಕದ ಹಿಂದಿನ ಪುಟಗಳಲ್ಲಿ ಒಂದೊಂದಾಗಿ ಗುರುತು ಹಾಕಿಕೊಂಡೆ. ಕಳ್ಳತನ ಮಾಡಿ ರಸೀತಿ ಬರೆದಿಟ್ಟುಕೊಂಡವಳು ನಾನು.

ಸಂಜೆ ಹೊತ್ತಿಗೆ ತೊಕ್ತೊಸುನ್ ಖುಷಿಯಾಗಿದ್ದ. ನನಗೂ ಒಳಗೊಳಗೆ ಖುಷಿಯೇ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಸೆಪ್ಟೆಂಬರಿನಲ್ಲಿ ಆ ದಂಡೆಯ ಶಾಲೆಯ ಸಭಾಂಗಣದಲ್ಲಿ ಎರಡೂ ಊರಿನವರನ್ನು ಕೂರಿಸಿದರು. ಸಾಲ್ತನಾತ್ ಗೋಡೆಗೆ ನಕ್ಷೆ ತೂಗುಹಾಕಿದಳು. ಕುರು-ಸಾಯ್ ನಡುವೆ ಒಂದು ಗೆರೆ. ನಮ್ಮ ಕಡೆ ಹಸಿರು, ಅವರ ಕಡೆ ಕಡುಗೆಂಪು. ತಿನ್ನದ ಗಿಡ ನಮ್ಮಲ್ಲಿ ನೂರಕ್ಕೆ ಒಂಬತ್ತು, ಅವರಲ್ಲಿ ಮೂವತ್ತಮೂರು.

"ಒಂದೇ ಮಣ್ಣು, ಒಂದೇ ಮಳೆ," ಅಂದಳು ಆ ಹುಡುಗಿ, ಬಹಳ ಮೃದುವಾಗಿ. "ಈ ವ್ಯತ್ಯಾಸ ಮೇಯಿಸೋ ರೀತೀಲಿ ಬಂದಿದ್ದು. ಪಕ್ಕದೂರಿಂದ ನಾವು ಕಲೀಬೋದು."

ಕಜಾಕ್ ಮುದುಕರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ತೊಕ್ತೊಸುನ್ ಎದ್ದು ನಿಂತ.

"ಬೇಜಾರ್ ಮಾಡ್ಕೋಬೇಡಿ ಅಣ್ಣಂದಿರಾ. ಕುದುರೆಗೆ ಹಸಿವಾದ್ರೆ ತಂತಿ ಹತ್ರ ತಂದು ನಿಲ್ಸಿ. ಈ ಕಡೆಯಿಂದ ಒಂದ್ ಹಿಡಿ ಹುಲ್ಲು ಎಸೀತೀವಿ. ಬಂಧುಗಳಲ್ವಾ ನಾವು."

ನಮ್ಮವರು ನಕ್ಕರು. ನಾನು ನಗಲಿಲ್ಲ, ಆದರೆ ನಗದೆ ಇದ್ದದ್ದಕ್ಕೆ ಬೆನ್ನು ತಟ್ಟಿಕೊಳ್ಳುವಂಥದ್ದೇನೂ ಇಲ್ಲ. ಬಾಯಿ ಮುಚ್ಚಿಕೊಂಡು ಕೂತಿದ್ದೆ. ಕುಲ್ಯಾಶ್ ನಕ್ಷೆಯ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ವಾಪಸು ಬರುವಾಗ ನನ್ನ ಕುರ್ಚಿಯ ಹತ್ತಿರ ನಿಂತರು.

"ನಿಮ್ ಕಡೆ ನೆಲ ಚೆನ್ನಾಗಿದೆ ಬೀಗರೇ. ಕೇಳಿ ಸಂತೋಷ ಆಯ್ತು."

ಅವರ ದನಿಯಲ್ಲಿ ಕೊಂಕು ಹುಡುಕಿದೆ. ಸಿಕ್ಕಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಆಕ್ಷೇಪಣೆ ಇದ್ದರೆ ಅಕ್ಟೋಬರ್ ಹತ್ತರೊಳಗೆ ಬರೆದು ಕಳಿಸಿ ಅಂದಿದ್ದರು. ಮೂರು ವಾರ ನಾನು ಆ ಹಾಜರಿ ಪುಸ್ತಕವನ್ನು ಒಂದು ಸಲ ಪೆಟ್ಟಿಗೆಯಲ್ಲಿ, ಒಂದು ಸಲ ಹಾಸಿಗೆಯ ಕೆಳಗೆ, ಒಂದು ಸಲ ಒಲೆಯ ಪಕ್ಕ ಇಟ್ಟೆ. ಒಲೆಗೆ ಹಾಕುವ ಧೈರ್ಯವೂ ಬರಲಿಲ್ಲ, ಕಳಿಸುವ ಧೈರ್ಯವೂ ಬರಲಿಲ್ಲ. ಕಳಿಸಿದರೆ ಬೇಲಿ ನಮ್ಮ ಕಡೆಗೆ ಬರುತ್ತದೆ, ನಮ್ಮೂರಿನವರ ಕುರಿ ಬೀದಿಗೆ ಬೀಳುತ್ತವೆ. ಕಳಿಸದಿದ್ದರೆ ನನ್ನ ಮಗಳ ಮನೆಯ ಕುದುರೆಗಳಿಗೆ ಮೇವಿಲ್ಲ. ಕುಲ್ಯಾಶ್ ಮನೆ ನಡೆಯುವುದೇ ಹೆಣ್ಣು ಕುದುರೆಗಳ ಹಾಲಿನಿಂದ, ಅದನ್ನು ಹುಳಿಸಿ ಮಾಡುವ ಕುಮಿಸ್‌ನಿಂದ.

ಒಂಬತ್ತನೇ ತಾರೀಖು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಠಾಣೆ ದಾಟಿ, ಮಧ್ಯಾಹ್ನದ ಹೊತ್ತಿಗೆ ಮಗಳ ಮನೆ ಮುಟ್ಟಿದೆ. ಅಂಗಳದಲ್ಲಿ ಹನ್ನೊಂದು ಕುದುರೆಗಳಿರಬೇಕಿತ್ತು, ಆರು ಇದ್ದವು. ಬೆಗಾಯಿಮ್ ಒಂದರ ಕತ್ತು ತಿಕ್ಕುತ್ತಾ ನಿಂತಿದ್ದಳು.

"ಉಳಿದವು ಎಲ್ಲೇ?"

"ನಿನ್ನೆ ಲಾರಿ ಹತ್ತಿಸಿದ್ವಿ. ಮಾವನ ತಮ್ಮನ ಮನೆಗೆ, ಸ್ಟೆಪ್ಪಿ ಬಯಲಿನ ಆ ಕಡೆ. ಇವು ನಾಡಿದ್ದು ಹೋಗ್ತವೆ. ಇವ್ರೂ ಲಾರಿ ಜೊತೆ ಹೋಗಿದ್ದಾರೆ." ಇವ್ರು ಅಂದದ್ದು ಅವಳ ಗಂಡನನ್ನು. "ನಾಲ್ಕು ವರ್ಷ ಅಮ್ಮ. ಹಿಂದಕ್ಕೆ ಬಂದಾಗ ನನ್ನ ಗುರುತು ಹಿಡೀತಾವೋ ಇಲ್ವೋ."

"ಇಷ್ಟು ಬೇಗ ಯಾಕೆ ಕಳಿಸಿದ್ರಿ? ಆಕ್ಷೇಪಣೆಗೆ ಇನ್ನೂ ಸಮಯ ಇತ್ತಲ್ಲ."

ಅವಳು ಕುದುರೆಯ ಕತ್ತಿನಿಂದ ಕೈ ತೆಗೆದಳು. "ಅತ್ತೆ ಬರೀಬೇಕು ಅಂತಾನೇ ಇದ್ರು. ಮೇ ತಿಂಗಳಲ್ಲಿ ಈ ದಂಡೆಯಿಂದ ನೋಡಿದ್ರೆ ನಿಮ್ ಕಡೆ ಎಲ್ಲಾ ಬೆಳ್ಳಗೆ ಕಾಣ್ತಿತ್ತಂತೆ. ಅದು ಅದಿರಶ್ಮಾನ್ ಹೂವೇ ಇರ್ಬೇಕು, ಲೆಕ್ಕದಲ್ಲಿ ಏನೋ ತಪ್ಪಿದೆ ಅಂದ್ರು. ಆಮೇಲೆ ನನ್ನ ಕರೆದು ಕೂರಿಸ್ಕೊಂಡು ಕೇಳಿದ್ರು, ನಿಮ್ಮಮ್ಮ ಎಣಿಸೋದ್ರಲ್ಲಿ ತಪ್ತಾರಾ ಅಂತ."

"ನೀನೇನಂದೆ?"

"ಏನಂತೀನಿ? ನಮ್ಮಮ್ಮ ನನ್ನ ಪರೀಕ್ಷೇಲಿ ಅರ್ಧ ಅಂಕಾನೂ ಸುಮ್ನೆ ಕೊಟ್ಟೋರಲ್ಲ ಅಂದೆ. ಅವರು ಎಣಿಸಿದ್ದು ತಪ್ಪಿದ್ರೆ ನನ್ನ ಈ ಮನೆಯಿಂದ ಕಳಿಸಿಬಿಡಿ ಅಂತಾನೂ ಅಂದೆ, ತಮಾಷೆಗೆ. ಅತ್ತೆ ನಕ್ಕು ಪೆನ್ನು ಕೆಳಗಿಟ್ರು. ಮಾರನೇ ದಿನಾನೇ ಲಾರಿಗೆ ಹೇಳಿದ್ರು."

ನನ್ನ ಮಗಳು ಇದನ್ನು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು. ಕುದುರೆಗಳು ಹೋದ ದುಃಖದ ನಡುವೆಯೂ ಇತ್ತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅವಳನ್ನು ದಾಟಿ ಒಳಗೆ ಹೋದೆ.

ಕುಲ್ಯಾಶ್ ಎದ್ದು ಬಂದು ಎರಡೂ ಕೈ ಹಿಡಿದು, ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲಿ, ಮೂರು ಹಾಸು ಹಾಕಿ ಕೂರಿಸಿದರು. ಬೆಗಾಯಿಮ್ ಹಿಂದೆಯೇ ಬಂದು ಚಹಾ ಕಾಯಿಸುವ ಸಮೋವಾರ್ ಹತ್ತಿರ ಕೂತಳು. ನಾನು ಆ ಹಾಸಿನಿಂದ ಜಾರಿ ಬರಿ ನೆಲಕ್ಕೆ ಬಂದೆ. ಚೀಲದಿಂದ ಪುಸ್ತಕ ತೆಗೆದು ಅವರ ಮುಂದಿಟ್ಟೆ.

"ಬೀಗರೇ, ಅವತ್ತು ನಾನು ಒಂದು ಅಂದೆನಲ್ಲ, ಅದು ಹನ್ನೊಂದು. ಎಲ್ಲಾ ಇದರಲ್ಲಿದೆ. ಅದಿರಶ್ಮಾನನ್ನ ನಾನು ಎರಡನೇ ಕಾಲಂಗೆ ಹಾಕ್ಲಿಲ್ಲ."

ಅವರು ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದರು. ಒಂದೊಂದೇ ಸಾಲಿನ ಮೇಲೆ ಬೆರಳು ಆಡಿಸುತ್ತಾ ಕೊನೆಯವರೆಗೂ ಹೋದರು.

"ಒಟ್ಟು ಎಷ್ಟಾಯ್ತು?"

"ನೂರಕ್ಕೆ ನಲವತ್ತೊಂದು."

"ಹಾಗಾದ್ರೆ ಕಾಯಿಲೆ ಎರಡೂ ಮನೇಲಿದೆ. ನಿಮ್ಮನೇಲಿ ಒಂಚೂರು ಜಾಸ್ತಿ." ಅವರು ಪುಸ್ತಕ ಮುಚ್ಚಿದರು. "ಔಷಧಿ ಗಿಡ ಅಂತ ಬಿಟ್ರಾ?"

"ತೊಕ್ತೊಸುನ್ ಹಾಗಂದ."

"ನಾನೂ ಸಲಾಂ ಹೇಳ್ದೆ ಬೀಗರೇ, ಒಂದೊಂದು ಗಿಡಕ್ಕೂ. ಹೇಳಿಬಿಟ್ಟು ಎರಡನೇದ್ರಲ್ಲಿ ಬರೆದೆ. ಸಲಾಂ ಹೇಳಿದ್ರೆ ಕುರಿ ತಿನ್ನುತ್ತಾ?"

ಬೈದಿದ್ದರೆ ಆಗುತ್ತಿತ್ತು. ಎದ್ದು ಹೊರಗೆ ಹೋಗಿದ್ದರೂ ಆಗುತ್ತಿತ್ತು. ಅವರು ಮೊಮ್ಮಗಳ ಬರವಣಿಗೆಯ ಪುಸ್ತಕದಿಂದ ಒಂದು ಹಾಳೆ ಹರಿದು, ಪೆನ್ನಿನ ಜೊತೆ ನನ್ನ ಮುಂದೆ ಸರಿಸಿದರು.

"ನಾಳೆ ಕೊನೇ ದಿನ. ಈಗಲೇ ಬರೀರಿ, ಇಲ್ಲಿಂದಲೇ ಫೋಟೋ ತೆಗೆದು ಆ ಹುಡುಗಿಗೆ ಕಳಿಸೋಣ. ಕಣ್ತಪ್ಪಿನಿಂದ ಕಾಲಂ ಬದಲಾಗಿದೆ ಅಂತ ಬರೀರಿ, ಸಾಕು. ಬೇಕು ಅಂತ ಮಾಡ್ದೆ ಅಂತೆಲ್ಲಾ ಬರೀಬೇಡಿ, ಉಯಾತ್ ಆಗುತ್ತೆ. ನಿಮಗೂ ಊರಲ್ಲಿ ಬಾಳ್ವೆ ಇದೆ, ನಮ್ಮನೇಲೂ ನಿಮ್ ಮಗಳಿದ್ದಾಳೆ."

ನಾನು ಬರೆಯಲು ಶುರು ಮಾಡಿದೆ. ಅರವತ್ತು ಸಂಖ್ಯೆಗಳನ್ನೂ ಇಳಿಸಿದೆ, ಒಂದೂ ತಪ್ಪಿಲ್ಲದೆ. ಮೇಲೆ ಕಾರಣ ಬರೆಯಲು ಎರಡು ಸಾಲು ಬಿಟ್ಟಿದ್ದೆ. "ಗೊತ್ತಿದ್ದೂ" ಎಂದು ಬರೆಯಬೇಕೆಂದು ಠಾಣೆಯ ಸಾಲಿನಲ್ಲಿ ನಿಂತಾಗಲೇ ನಿಶ್ಚಯಿಸಿದ್ದೆ. ಆ ಮಾತನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಬಂದಿದ್ದೆ. ಆಮೇಲೆ ತೊಕ್ತೊಸುನ್ ಕಣ್ಣ ಮುಂದೆ ಬಂದ, ಅವನ ಹೆಂಡತಿ ಅಂಗಡಿಯಲ್ಲಿ ನನ್ನನ್ನು ತೋರಿಸಿ ಇನ್ನೊಬ್ಬಳ ಕಿವಿಯಲ್ಲಿ ಪಿಸುಗುಟ್ಟುವುದು ಕಂಡಿತು, ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ಸಾಲಾಗಿ ಕಂಡರು. ಬೀಗಿತ್ತಿ ತಾನಾಗಿಯೇ ಕೈಗೆ ಕೊಟ್ಟ ಮಾತು ಹತ್ತಿರವೇ ಇತ್ತು. "ಕಣ್ತಪ್ಪಿನಿಂದ" ಎಂದು ಬರೆದು ಸಹಿ ಹಾಕಿದೆ.

ತಲೆಯೆತ್ತಿದರೆ ಬೆಗಾಯಿಮ್ ನನ್ನ ಭುಜದ ಹಿಂದೆ ನಿಂತು ಓದುತ್ತಿದ್ದಳು.

"ಕಣ್ತಪ್ಪಾ ಅಮ್ಮ?" ಅಂದಳು.

ಅವಳ ಅತ್ತೆ ನನ್ನ ಪರವಾಗಿ, "ವಯಸ್ಸಾಯ್ತಲ್ಲಮ್ಮ, ಆಗುತ್ತೆ," ಅಂದರು. ಬೆಗಾಯಿಮ್ ಹಾಳೆಯನ್ನು ಮತ್ತೊಮ್ಮೆ ನೋಡಿದಳು, ಪುಸ್ತಕವನ್ನು ನೋಡಿದಳು. ಅರವತ್ತು ಸಾಲಿನಲ್ಲಿ ಅರವತ್ತು ಸಂಖ್ಯೆ, ಪ್ರತಿಯೊಂದೂ ನೆಟ್ಟಗೆ, ಅಮ್ಮನ ಕೈಬರಹ. ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದವಳಿಗೆ, ಕಣ್ಣು ತಪ್ಪಿದವರು ಹೀಗೆ ಬರೆದಿಡುವುದಿಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ. ತಿರುಗಿ ಸಮೋವಾರ್ ಹತ್ತಿರ ಹೋದಳು.

ನಮ್ಮಲ್ಲಿ ಸೊಸೆ ಚಹಾ ಸುರಿಯುವಾಗ ಬಟ್ಟಲಿಗೆ ಅರ್ಧಕ್ಕಿಂತ ಕಡಿಮೆ ಹಾಕುತ್ತಾಳೆ. ಮತ್ತೆ ಮತ್ತೆ ತುಂಬುತ್ತೇನೆ, ಇನ್ನಷ್ಟು ಹೊತ್ತು ಕೂತಿರಿ ಎಂದು ಅರ್ಥ. ಬಟ್ಟಲು ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗಿ ಎಂದು. ಬೆಗಾಯಿಮ್‌ಗೆ ಇದನ್ನು ಐದು ವರ್ಷದವಳಿದ್ದಾಗ ಕೈ ಹಿಡಿದು ಕಲಿಸಿದವಳು ನಾನು.

ಅವಳು ಅತ್ತೆಗೆ ಅರ್ಧ ಬಟ್ಟಲು ಕೊಟ್ಟಳು. ಆಮೇಲೆ ನನ್ನ ಬಟ್ಟಲು ಎತ್ತಿಕೊಂಡಳು. ಚಹಾ ಅರ್ಧಕ್ಕೆ ಬಂತು, ನಿಲ್ಲಿಸಲಿಲ್ಲ. ಅಂಚಿನವರೆಗೂ ಬಂತು. ಕುಲ್ಯಾಶ್, "ಏಯ್ ಹುಡುಗಿ," ಎಂದು ಸಣ್ಣಗೆ ಗದರಿದರು. ಅವಳು ಎರಡೂ ಕೈಯಲ್ಲಿ, ತಲೆ ಬಗ್ಗಿಸಿ, ಒಂದು ಹನಿ ಚೆಲ್ಲದ ಹಾಗೆ ತಂದು ನನ್ನ ಮುಂದೆ ಇಟ್ಟಳು.

ಬಾಯಿ ಸುಡುತ್ತಿದ್ದರೂ ಪೂರ್ತಿ ಕುಡಿದೆ. ಚೀಲ ತೆಗೆದುಕೊಂಡು ಎದ್ದೆ. ಬಾಗಿಲವರೆಗೆ ಬಂದವರು ಬೀಗಿತ್ತಿ ಒಬ್ಬರೇ.